ಕೋಠಿಯ ಕಾಕಾ ಎಣಿಸಿಕೊಟ್ಟ ಕಾಳು

ಆಸ್ಪತ್ರೆಯಿಂದ ಮಗಳೂ ಮೊಮ್ಮಗಳೂ ಮನೆಗೆ ಬಂದ ಮೂರನೆಯ ದಿನ, ಕೂಸಿಗೆ ಡಾಕ್ಟರು ಬರೆದುಕೊಟ್ಟ ವಿಟಮಿನ್ ಹನಿಯ ಬಾಟಲಿಯನ್ನು ನಾನೇ ತೆಗೆದೆ. ಸಿಹಿ, ಅದರ ಹಿಂದೆ ಸ್ವಲ್ಪ ಕಹಿ, ಜೊತೆಗೆ ಹೊಸ ರಟ್ಟಿನ ಡಬ್ಬಿಯ ವಾಸನೆ... ಬಾಟಲಿ ಹಿಡಿದು ಹಾಗೇ ನಿಂತುಬಿಟ್ಟೆ. ಕೂಸು ಬಾಯಿ ತೆರೆದುಕೊಂಡಿತ್ತು.

“ಅವ್ವಾ, ಹನಿ ಹಾಕ. ಯಾರನ್ನ ನೆನಸಾಕತ್ತೀ?” ಎಂದಳು ಮಗಳು.

“ಕೋಠಿ ಕಾಕಾರನ್ನ.”

ಅವಳೇ ಬಾಟಲಿ ತೆಗೆದುಕೊಂಡು ಕೂಸಿನ ಬಾಯಿಗೆ ಹನಿ ಹಾಕಿದಳು.

ನಾನು ನಾಲ್ಕನೆಯ ಇಯತ್ತೆಯವರೆಗೆ ಓದಿದವಳು, ಬರೆಯುವ ರೂಢಿ ಇಲ್ಲ. ಮೊಮ್ಮಗಳು ಹುಟ್ಟಿದ ಮೇಲೆ ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಲಿಫ್ಟಿನಲ್ಲಿ ಸಿಕ್ಕ ಹಾಲಿನವನಿಗೂ ನನ್ನ ಹರಕು ತೆಲುಗಿನಲ್ಲಿ ಕೂಸಿನ ತೂಕ ಹೇಳುತ್ತೇನೆ. ಆದರೆ ಕಾಕಾರ ವಿಷಯ ಲಿಫ್ಟಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ.

ಅವರು ನಮಗೆ ಬಂಧುಗಳೇನಲ್ಲ. ಬೀದರ ಕಡೆಯವರು, ಕೋಠಿಯ ಗಲ್ಲಿಯೊಂದರಲ್ಲಿ ಔಷಧಿ ಅಂಗಡಿ ಇಟ್ಟಿದ್ದರು. ನಮ್ಮ ಮನೆ ಊರಿನ ಇನ್ನೊಂದು ತುದಿಯ ಉಪ್ಪಲ್‌ನಲ್ಲಿ. ಮನೆಯ ಕೆಳಗೇ ಎರಡು ಔಷಧಿ ಅಂಗಡಿಗಳಿದ್ದರೂ ನಾನು ಬಸ್ಸು ಹತ್ತಿ ಕೋಠಿಗೆ ಹೋಗುತ್ತಿದ್ದೆ. ಕಾರಣ ಇಷ್ಟೇ, ಮಗಳು ಮನಸ್ಸಿನ ಜಡ್ಡಿಗೆ ಗುಳಿಗೆ ತೆಗೆದುಕೊಳ್ಳುತ್ತಿದ್ದದ್ದು ಓಣಿಯ ಮಂದಿಗೆ ಗೊತ್ತಾಗಬಾರದಿತ್ತು. ಆಗ ಅವಳು ಗಚ್ಚಿಬೌಲಿಯಲ್ಲಿ ನೌಕರಿಗೆ ಸೇರಿ ಮೂರು ವರ್ಷವಾಗಿತ್ತು. ಗುಳಿಗೆಯಿಂದ ಊಟ, ನಿದ್ದೆ, ನಗು ಎಲ್ಲ ಮರಳಿ ಬಂದಿದ್ದವು.

ಅಷ್ಟರಲ್ಲಿ ಬಾಗಲಕೋಟೆ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗನ ಕಡೆಯವರು ನಮ್ಮ ಮನೆಯಲ್ಲೇ ಎರಡು ದಿನ ಇಳಿಯುವವರಿದ್ದರು. ಹುಡುಗನ ತಾಯಿ ಕಪಾಟು ತೆಗೆದರೆ? ಗುಳಿಗೆ ಕಂಡರೆ? ನಾನು ಮಗಳಿಗೆ, “ಈಗ ಆರಾಮ ಅದಿಯಲ್ಲ, ಇನ್ಯಾಕ ಅದು?” ಎಂದೆ. ಅವಳಿಗೂ ಸಾಕಾಗಿತ್ತೋ ಏನೋ, ತಲೆಯಾಡಿಸಿದಳು. ಎಲ್ಲ ಗುಳಿಗೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕಸದ ಗಾಡಿಗೆ ಹಾಕಿದೆ. ದೊಡ್ಡ ಕೆಲಸ ಮಾಡಿದೆ ಎಂದುಕೊಂಡಿದ್ದೆ.

ನಾಲ್ಕು ದಿನಕ್ಕೆ ಅವಳಿಗೆ ನೆಲವೇ ತೇಲಿದಂತಾಗತೊಡಗಿತು. “ತಲ್ಯಾಗ ಕರೆಂಟ್ ಹೊಡದಂಗ ಆಗಾಕತ್ತೈತಿ ಅವ್ವಾ” ಎನ್ನುತ್ತಿದ್ದಳು. ನೀರು ಕೊಟ್ಟರೆ ಅಳು, ಮಾತಾಡಿಸಿದರೆ ಸಿಟ್ಟು. ನಾನು ಉಪ್ಪು ಮೆಣಸಿನಕಾಯಿ ಹಿಡಿದು ದೃಷ್ಟಿ ತೆಗೆದೆ. ಬಂದವರ ಮುಂದೆ ಅವಳು ಚಹಾದ ಟ್ರೇ ಸಮೇತ ಕುಸಿದಳು. ಅವರು ಆ ದಿನವೇ ಹೊರಟುಹೋದರು.

ಹದಿನೈದು ದಿನದ ಮೇಲೆ ಕೋಠಿಗೆ ಬೇರೆ ಕೆಲಸಕ್ಕೆ ಹೋಗಿದ್ದೆ. ಅಂಗಡಿಯ ಮುಂದೆ ತಲೆ ತಗ್ಗಿಸಿ ದಾಟುತ್ತಿದ್ದೆ. ಕಾಕಾ ಬಿಡಲಿಲ್ಲ.

“ಅಕ್ಕಾರ, ಈ ತಿಂಗಳ ಬರಲಿಲ್ಲಲ್ರಿ? ಮಗಳು ಹ್ಯಾಂಗ ಅದಾಳ?”

“ಆರಾಮ ಅದಾಳ್ರಿ. ಗುಳಿಗಿ ಬಿಡಿಸೇನಿ.”

“ಒಮ್ಮಿಗೇ?”

“ಹೂಂನ್ರಿ, ಒಮ್ಮಿಗೇ.”

ಅವರು ಬೈಯಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. “ಮಾಳಿಗಿ ಇಳಿಯೂ ಮುಂದ ಮೆಟ್ಟಲಾ ಬಿಟ್ಟು ಜಿಗಿಸಿದ್ರಲ್ರಿ ಅಕ್ಕಾರ ಹುಡುಗೀನ...” ಎಂದರು. ಅಲ್ಲಿಯೇ ನಾನು ಅತ್ತುಬಿಟ್ಟೆ. ಗಿರಾಕಿಗಳನ್ನು ನಿಲ್ಲಿಸಿ, ಮಗಳ ಡಾಕ್ಟರಿಗೆ ಅವರೇ ಫೋನ್ ಹಚ್ಚಿದರು.

ಡಾಕ್ಟರು ಗುಳಿಗೆ ಮತ್ತೆ ಶುರು ಮಾಡಿಸಿದರು. ಅವಳು ಪೂರ್ತಿ ಸುಧಾರಿಸಿದ ಮೇಲೆ, ಮುಂದಿನ ವರ್ಷ, ನಿಧಾನವಾಗಿ ಇಳಿಸುವ ಲೆಕ್ಕ ಬರೆದುಕೊಟ್ಟರು. ಆ ಗುಳಿಗೆ ಎಂದರೆ ಕ್ಯಾಪ್ಸೂಲು, ಅದರ ಒಳಗೆ ಸಾಸಿವೆಗಿಂತ ಸಣ್ಣ ಬಿಳಿ ಕಾಳುಗಳಿರುತ್ತಿದ್ದವು. ಡಾಕ್ಟರು ಹೇಳಿದಷ್ಟೇ ಕಾಳು ತೆಗೆಯಬೇಕು, ಹೇಳಿದಷ್ಟು ವಾರ ಕಾಯಬೇಕು, ಆಮೇಲೆ ಮತ್ತಷ್ಟು.

ಎಣಿಸುವುದನ್ನು ಕಲಿಸಿದ್ದು ಕಾಕಾ. ಅಂಗಡಿಯ ಹಿಂದಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಕೂರಿಸಿ, ಹಳೆಯ ಎಕ್ಸ್‌ರೇ ಹಾಳೆಯೊಂದನ್ನು ಹಾಸಿದರು. ಕಪ್ಪು ಹಾಳೆಯ ಮೇಲೆ ಬಿಳಿ ಕಾಳು ಎದ್ದು ಕಾಣುತ್ತಿತ್ತು. “ಫ್ಯಾನ್ ಬಂದ್ ಮಾಡ್ರಿ. ಸೀನಬ್ಯಾಡ್ರಿ. ರಾಜಗಿರಿ ಕಾಳು ಹಸನ ಮಾಡ್ತೀರಲ್ಲ, ಹಂಗ” ಎಂದರು. ಅದು ನನಗೆ ಬರುವ ಕೆಲಸ! ಜನ್ಮವಿಡೀ ಕಾಳು ಆರಿಸಿದ ಕೈ ಇದು. ಎಣಿಕೆ ತಪ್ಪಬಾರದೆಂದು ಕ್ಯಾಲೆಂಡರಿನ ಮೇಲೆ ರಂಗೋಲಿಯ ಚುಕ್ಕಿಯಂತೆ ದಿನಕ್ಕೊಂದು ಚುಕ್ಕಿ ಇಡುತ್ತಿದ್ದೆ. “ನಮ್ಮವ್ವ ಕಂಪೌಂಡರ್ ಆಗ್ಯಾಳ, ಇನ್ನ ಫೀಸ್ ಕೇಳತಾಳ” ಎಂದು ಮಗಳು ಕಾಡುತ್ತಿದ್ದಳು.

ಎರಡು ಸಲ ತಲೆಸುತ್ತು ಮರಳಿತು. ಡಾಕ್ಟರು ಕಾಳು ಮತ್ತೆ ಹೆಚ್ಚಿಸಿ ಒಂದು ಹೆಜ್ಜೆ ಹಿಂದಕ್ಕೆ ಕರೆದೊಯ್ದರು. ಆಗೆಲ್ಲ ನನಗೆ ಇನ್ನು ಮುಗಿಯಿತು ಎನಿಸುತ್ತಿತ್ತು. ಕಾಕಾ ಮಾತ್ರ, “ಹಿಂದ ಬಂದ್ರೇನಾತು, ಮೆಟ್ಟಲ ಮ್ಯಾಲೆ ಅದಾಳಲ್ರಿ” ಎನ್ನುತ್ತಿದ್ದರು.

ಆ ದಿನಗಳಲ್ಲೇ ಒಮ್ಮೆ ಮಗಳು ನನ್ನ ಜೊತೆ ಅಂಗಡಿಗೆ ಬಂದಳು. ಯಾವುದನ್ನು ನನಗೆ ಕೇಳಿರಲಿಲ್ಲವೋ ಅದನ್ನು ಅವರಿಗೆ ಕೇಳಿದಳು.

“ಕಾಕಾ, ನಮ್ಮಜ್ಜಿ ವರ್ಷಗಟ್ಟಲೆ ಮೂಲ್ಯಾಗ ಕುಂತು ಮಾತು ಬಿಟ್ಟಿದ್ಲಂತ. ಆಮ್ಯಾಲೆ ನನಗ ಬಂತು. ನನ್ನ ಹೊಟ್ಟೀಲೆ ಹುಟ್ಟಿದ್ದಕ್ಕೂ ಬರತೈತಲ್ಲ? ನನಗ ಮಕ್ಕಳು ಬ್ಯಾಡ.”

ಅಜ್ಜಿ ಎಂದರೆ ನನ್ನ ತಾಯಿ.

ಕಾಕಾ ತಮ್ಮ ಬೆನ್ನ ಹಿಂದಿನ ಮರದ ಖಾನೆಗಳನ್ನು ತೋರಿಸಿದರು. ಗೋಡೆ ತುಂಬ ಸಣ್ಣ ಸಣ್ಣ ಖಾನೆ. “ಇದು ನೋಡವಾ, ಕೆಮ್ಮಿನ ಖಾನಿ. ಛಳಿಗಾಲದಾಗ ದಿನಕ್ಕ ಐವತ್ತು ಸಲ ತೆಗೀತೀನಿ. ಬ್ಯಾಸಗ್ಯಾಗ ಮುಟ್ಟಂಗಿಲ್ಲ. ಖಾನಿ ಎಲ್ಲೂ ಹೋಗಿಲ್ಲ, ಒಳಗಿಂದೂ ಬದಲಾಗಿಲ್ಲ. ದಿನಮಾನ ಬದಲಾತು. ನಾವು ಹುಟ್ಟೂ ಮುಂದ ತಂದಿದ್ದೂ ಹಿಂಗ ಅಂತ ನಿಮ್ಮ ಡಾಕ್ಟರ್ ಹೇಳ್ತಾರ. ಯಾವ ಖಾನಿ ತೆಗೀತದ, ಯಾವುದು ಮುಚ್ಚಿ ಇರ್ತದ, ಬಾಳುವೆ ಮ್ಯಾಲೂ ಅದ.”

“ಅಂದ್ರ ಬರಂಗಿಲ್ಲ ಅಂತೀರಿ?”

“ಹಂಗ ನಾ ಅನ್ನಂಗಿಲ್ಲ. ಅನ್ನಾಕ ನಾ ಯಾರು? ಬಂದೇ ಬರ್ತದ ಅಂತ ನೀನೂ ಅನಬ್ಯಾಡ.”

ಬಸ್ಸಿನಲ್ಲಿ ಮಗಳು ಫೋನು ತಿಕ್ಕಿ ತಿಕ್ಕಿ ಏನೋ ಓದಿದಳು. “ಅವ್ವಾ, ಇದಕ್ಕ ಎಪಿಜೆನೆಟಿಕ್ಸ್ ಅಂತಾರ. ಇನ್ನೂ ಪೂರಾ ಯಾರಿಗೂ ಗೊತ್ತಿಲ್ಲಂತ” ಎಂದಳು. ಆ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ಆದರೆ ತಿಂಗಳುಗಳ ನಂತರ ಅವಳು ಅಂದು ಕಿಟಕಿಯ ಹತ್ತಿರ ಕೂತು, ಮುಖಕ್ಕೆ ಗಾಳಿ ಕೊಟ್ಟುಕೊಂಡು ಬಂದಳು...

ಕೊನೆಯ ಕ್ಯಾಪ್ಸೂಲು ಮುಗಿದ ದಿನ ಪೇಡೆ ಒಯ್ದಿದ್ದೆವು. ಕಾಕಾ ಎರಡು ತಿಂದು, “ಇನ್ನ ನನ್ನ ಅಂಗಡಿ ಕಡೆ ಬಂದೀರಿ ಅಂದ್ರ ಕಾಲ ಮುರೀತೀನಿ” ಎಂದು ನಕ್ಕರು. ನಾವು ನಿಜವಾಗಿಯೂ ಹೋಗಲಿಲ್ಲ. ಮಗಳ ಮದುವೆಯಾಯಿತು. ಹುಡುಗ ಅವಳ ಆಫೀಸಿನವನು, ಅವನಿಗೆ ಮೊದಲೇ ಎಲ್ಲವನ್ನೂ ತಾನೇ ಹೇಳಿದ್ದಳು. ಮನೆ, ಸಂಸಾರ... ಕೋಠಿ ದೂರವಾಯಿತು.

ಹನ್ನೆರಡನೆಯ ದಿನ ಕೂಸನ್ನು ತೊಟ್ಟಿಲಿಗೆ ಹಾಕಿದೆವು. ಬೀಗರೂ ಇದ್ದರು, ಮನೆ ತುಂಬ ಹೆಂಗಸರು. ನನ್ನ ಅಕ್ಕ ಕೂಸನ್ನು ಎತ್ತಿಕೊಂಡು, “ಅಯ್ಯ, ನಮ್ಮವ್ವಂದ ಮಾರಿ ನೋಡ! ಥೇಟ್ ಅವ್ವನ” ಎಂದುಬಿಟ್ಟಳು.

ಅಕ್ಕನಿಗೇನು ಗೊತ್ತು. ಮಗಳ ಕೈ ಸೆರಗಿನಲ್ಲಿ ಬಿಗಿಯಾದದ್ದು ನಾನು ನೋಡಿದೆ.

“ಹೌದಕ್ಕಾ, ಅವ್ವನ ಕಣ್ಣ” ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. “ಅವ್ವಗ ಜಡ್ಡಿತ್ತು, ನಾವು ಮೈಗಳ್ಳಿ ಅಂದ್ವಿ. ನನ್ನ ಮಗಳಿಗೂ ಬಂತು. ಗುಳಿಗಿ ತಗೊಂಡ್ಲು, ಡಾಕ್ಟರ್ ಹೇಳಿದಂಗ ಹಗೂರಕ ಬಿಟ್ಲು. ಇಕಿಗೆ ಬರಲಿಲ್ಲಂದ್ರ ಚಲೋ. ಬಂದ್ರ, ಈ ಸಲ ನಮಗ ಗೊತ್ತೈತಿ ಏನ ಮಾಡಬೇಕಂತ.”

ಬೀಗತಿ ಮೆಲ್ಲಗೆ, “ನಮ್ಮ ಮನ್ಯಾಗೂ ಒಬ್ಬಾಕಿ ಇದ್ಲು ಬಿಡ್ರಿ...” ಎಂದರು. ಅಕ್ಕ ಕೂಸನ್ನು ಎದೆಗೊತ್ತಿಕೊಂಡು ಅಳತೊಡಗಿದಳು. ಮಗಳು ನನ್ನನ್ನೇ ನೋಡುತ್ತಿದ್ದಳು, ನಗುತ್ತಿದ್ದಳು.

ಮರುದಿನ ನಾಮಕರಣದ ಗುಗ್ಗರಿಯನ್ನು ಡಬ್ಬಿಗೆ ತುಂಬಿಕೊಂಡು ಕೋಠಿಗೆ ಹೋದೆ. ಗಲ್ಲಾಪೆಟ್ಟಿಗೆಯ ಹಿಂದೆ ಅವರ ಮಗ ಕೂತಿದ್ದ.

“ಅಪ್ಪಾ ಹೋಗಿ ಎರಡು ವರ್ಷ ಆತ್ರಿ ಅಮ್ಮಾ” ಎಂದ.

ಎರಡು ವರ್ಷ. ಬೈದರೆ ಬೈಸಿಕೊಂಡು, ಒಮ್ಮೆಯಾದರೂ ಬಂದುಹೋಗಬೇಕಿತ್ತು ನಾನು. ಮೊಮ್ಮಗಳು ಹುಟ್ಟಿದ್ದಾಳೆ ಎಂದು ಡಬ್ಬಿ ತೆರೆದಿಟ್ಟೆ. ಅವನು ಒಂದು ಮುಷ್ಟಿ ಗುಗ್ಗರಿ ತೆಗೆದುಕೊಂಡು, “ಕೂಸು ಹ್ಯಾಂಗ ಅದರಿ?” ಎಂದು ಕೇಳಿದ. ಹೇಳಿದೆ. ತೂಕ, ಕಣ್ಣು, ಆಕಳಿಸುವುದು, ಬೆರಳು ಹಿಡಿದರೆ ಬಿಡದಿರುವುದು, ಎಲ್ಲ ಹೇಳಿದೆ. ಅವನು ಒಳ್ಳೆಯ ಹುಡುಗ, ಪೂರ್ತಿ ಕೇಳಿದ. ಯಾರಿಗೆ ಹೇಳಬೇಕೆಂದು ಅಷ್ಟು ದೂರ ಹೋಗಿದ್ದೆನೋ, ಅವರೊಬ್ಬರು ಕೇಳಲಿಲ್ಲ.