ಅಕ್ಷತೆ ಇಂಜಿನ್ನಿನೊಳಗೆ ಹೋಗಿರಲಿಲ್ಲ

ನಿಮ್ಮ ಅಕ್ಷತೆ ಇಂಜಿನ್ನಿನೊಳಗೆ ಹೋಗಿರಲಿಲ್ಲ, ಕಮಲಮ್ಮ. ಒಂದು ಕಾಳೂ ಹೋಗಿರಲಿಲ್ಲ. ಹೋಗಿದೆ ಎಂದು ಹೇಳಿದವನು ನಾನು. ಸುಳ್ಳೆಂದು ಚೆನ್ನಾಗಿ ಗೊತ್ತಿದ್ದೇ ಹೇಳಿದೆ.

ನಿಮ್ಮ ಮಗ ನಾಗರಾಜನಿಗೆ ಡ್ರೆಸ್ಡೆನ್‌ನಲ್ಲಿ ದೊಡ್ಡ ಇಂಜಿನಿಯರ್ ಸ್ನೇಹಿತನಿದ್ದಾನೆ, ಇಂಜಿನ್‌ಗಳ ಮೇಲೇ ಡಾಕ್ಟರೇಟ್ ಮಾಡಿದವನು ಎಂದು ನೀವು ಮೈಸೂರಿನಲ್ಲಿ ನಾಲ್ಕು ಜನರೆದುರು ಹೆಮ್ಮೆಯಿಂದ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಆ ದೊಡ್ಡ ಮನುಷ್ಯನ, ಅಂದರೆ ನನ್ನ, ಬಂಡವಾಳ ಎಷ್ಟು ಎಂಬುದು ನಿಮಗೆ ತಿಳಿಯಲಿ.

ನೀವು ಮಗನನ್ನು ನೋಡಲು ಇಲ್ಲಿಗೆ ಬಂದ ವರ್ಷದ ಆಯುಧಪೂಜೆ ನೆನಪಿದೆಯಲ್ಲ. ನಾಗರಾಜ ಆ ಬೇಸಿಗೆಯಲ್ಲಿ ಹಳೆಯ ಮೋಟಾರ್‌ಸೈಕಲ್ಲೊಂದನ್ನು ಕೊಂಡಿದ್ದ. ಇಲ್ಲಿ ಅಂಥ ಗಾಡಿಗಳು ಚಳಿಗಾಲವಿಡೀ ಮುಸುಕು ಹೊದ್ದು ಮಲಗುತ್ತವೆ. ಅವನ ನಂಬರ್ ಪ್ಲೇಟೂ ಮಾರ್ಚಿನಿಂದ ಅಕ್ಟೋಬರ್‌ವರೆಗಷ್ಟೇ ಪಡೆದದ್ದು, ಆಮೇಲೆ ರಸ್ತೆಗಿಳಿಯುವ ಹಕ್ಕಿರಲಿಲ್ಲ. ಹಾಗಾಗಿ ಪೂಜೆ ಮುಗಿಸಿ ಗಾಡಿಯನ್ನು ಮಲಗಿಸಿಬಿಡುವುದು ಎಂದಾಗಿತ್ತು. ಮಲಗಿಸುವ ಕೆಲಸ ನನ್ನದು. ನಿಮ್ಮ ಮಗ ಸಾಫ್ಟ್‌ವೇರ್‌ನವನು, ಸ್ಪ್ಯಾನರನ್ನು ಸೌಟಿನ ಹಾಗೆ ಹಿಡಿಯುತ್ತಾನೆ. ನೀನು ಮುಟ್ಟಲೇಬೇಡ, ನಾನಿದ್ದೇನೆ ಎಂದು ಗತ್ತಿನಲ್ಲೇ ಹೇಳಿದ್ದೆ.

ನನಗೆ ಈ ಪೂಜೆಗಳೆಂದರೆ ತಾತ್ಸಾರ. ಸುಳ್ಳು ಹೇಳುವುದಿಲ್ಲ, ಈಗಲೂ ಇದೆ. ಚಕ್ರದಡಿ ನಿಂಬೆಹಣ್ಣಿಟ್ಟು, ಅದು ಪಚಕ್ಕೆಂದಾಗ ಚಪ್ಪಾಳೆ ತಟ್ಟುವ ವಿಜ್ಞಾನಿಗಳನ್ನು, ಹೃದಯದ ಡಾಕ್ಟರುಗಳನ್ನು ಈ ಊರಲ್ಲೂ ಕಂಡು ನನ್ನೊಳಗೇ ನಕ್ಕಿದ್ದೇನೆ. ಆವತ್ತು ನಾಗರಾಜನ ಕಟ್ಟಡದ ಟೀಫ್‌ಗರಾಜೆಯಲ್ಲಿ, ಗಾಡಿ ನಿಲ್ಲಿಸುವ ನೆಲಮಾಳಿಗೆಯಲ್ಲಿ, ನೀವು ಪೆಟ್ರೋಲ್ ಟ್ಯಾಂಕಿಗೆ ಕುಂಕುಮವಿಟ್ಟು, ಸೀಟಿನ ಮೇಲೆ ಅಕ್ಷತೆ ಹಾಕಿ, ಕರ್ಪೂರ ಹಚ್ಚಿದಾಗ ನಾನು ಕಂಬಕ್ಕೊರಗಿ ನಗುತ್ತಿದ್ದೆ. ಅಷ್ಟರಲ್ಲಿ ಹೌಸ್‌ಮೈಸ್ಟರ್ — ಕಟ್ಟಡ ನೋಡಿಕೊಳ್ಳುವವನು — ಬಂದ. ಗಾಡಿ ನಿಲ್ಲಿಸುವ ಜಾಗದಲ್ಲಿ ಬೆಂಕಿಯೇ ಎಂದು ರೇಗಿದ. ಅವನ ಮಾತು ನ್ಯಾಯವಾದದ್ದೇ. ಆದರೆ ನಾನು — ನಾನೇನು ಮಾಡಿದೆ ಗೊತ್ತೇ? ನಿಮಗೆ ಅರ್ಥವಾಗದ ಜರ್ಮನ್‌ನಲ್ಲಿ, ಇವರ ಜೊತೆಯವನಲ್ಲ ನಾನು, ಬರೀ ಗಾಡಿ ನೋಡಲು ಬಂದವನು ಎಂದೆ. ನೀವು ಕರ್ಪೂರ ಆರಿಸಿ ಅವನಿಗೊಂದು ಬಾಳೆಹಣ್ಣು ಕೊಟ್ಟಿರಿ. ಅವನು ಪೆಚ್ಚಾಗಿ ತೆಗೆದುಕೊಂಡ. ನಾನು ಅವಮಾನವಾದವನಂತೆ ಅಲ್ಲಿಂದ ಕಾಲ್ತೆಗೆದೆ.

ಮಾಡಬೇಕಿದ್ದ ಕೆಲಸ ಹಾಗೇ ಉಳಿಯಿತು. ಕಾರ್ಬುರೇಟರ್‌ನ ತಳದಲ್ಲಿ ಒಂದು ಪುಟ್ಟ ಬಟ್ಟಲಿರುತ್ತದೆ. ತಿಂಗಳುಗಟ್ಟಲೆ ನಿಲ್ಲುವ ಗಾಡಿಯಾದರೆ ಅದರಲ್ಲಿನ ಪೆಟ್ರೋಲನ್ನು ಬಸಿದುಬಿಡಬೇಕು. ಇಷ್ಟೇ. ನಾಳೆ ಬಂದು ಬಸಿದರಾಯಿತು ಎಂದುಕೊಂಡೆ — ಹೋಗಲಿಲ್ಲ. ನಾಗರಾಜ ಕೇಳಿದಾಗ ಎಲ್ಲ ಆಗಿದೆ ಎಂದೆ.

ಮಾರ್ಚಿನಲ್ಲಿ ಮುಸುಕು ತೆಗೆದ. ಅಮ್ಮನಿಗೆ ತೋರಿಸಬೇಕೆಂದು, ಮೈಸೂರಿಗೆ ಮರಳಿದ್ದ ನಿಮ್ಮನ್ನೂ ಫೋನ್‌ನಲ್ಲಿ ವೀಡಿಯೊ ಹಾಕಿ ಕರೆದ. ಗಾಡಿ ಸ್ಟಾರ್ಟೇನೋ ಆಯಿತು. ಚೋಕ್ ತಳ್ಳಿದೊಡನೆ ತಡವರಿಸಿ ನಿಂತುಹೋಯಿತು. ಆಕ್ಸಿಲರೇಟರ್ ತಿರುವಿದರೆ ಜೋರಾಗಿಯೇ ಓಡುತ್ತದೆ, ಬಿಟ್ಟರೆ ಕೆಮ್ಮಿ ಸಾಯುತ್ತದೆ. ನನಗೆ ಆ ಕ್ಷಣಕ್ಕೇ ಗೊತ್ತಾಯಿತು. ಜೋರಾಗಿ ಓಡುವ ಇಂಜಿನ್ ಸುಮ್ಮನೆ ನಿಂತಾಗ ಮಾತ್ರ ಸಾಯುತ್ತದೆಂದರೆ, ಐಡ್ಲಿಂಗ್‌ಗೆ ಪೆಟ್ರೋಲ್ ಕೊಡುವ ಕೂದಲೆಳೆಯಂಥ ತೂತು ಕಟ್ಟಿದೆ ಎಂದರ್ಥ. ಆದರೂ ಗೊತ್ತಿಲ್ಲದವನ ಹಾಗೆ ಬ್ಯಾಟರಿ ಅಳೆದೆ, ಪ್ಲಗ್ ಬಿಚ್ಚಿ ನೋಡಿದೆ, ರಬ್ಬರ್ ಪೈಪುಗಳಿಗೆ ಕಿವಿಗೊಟ್ಟೆ. ಕೊನೆಗೆ ಬಟ್ಟಲು ಬಿಚ್ಚಲೇಬೇಕಾಯಿತು. ಒಳಗೆ ನಾನು ಬಸಿಯದೆ ಬಿಟ್ಟ ಪೆಟ್ರೋಲ್, ಅಂಟಂಟಾಗಿ, ಹಳದಿಯಾಗಿ.

ಏನ್ ಸಾರ್ ಅದು ಎಂದು ನಾಗರಾಜ ಬಗ್ಗಿದ. ಸೀಟು ತೆಗೆದಿದ್ದೆವು, ಕೆಳಗೆ ಬ್ಯಾಟರಿಯ ಪಕ್ಕದಲ್ಲಿ ನಿಮ್ಮ ಅಕ್ಷತೆಯ ನಾಲ್ಕಾರು ಕಾಳು ಉದುರಿದ್ದವು. ಯಾರಿಗೂ ಏನೂ ಮಾಡದ ಅಕ್ಕಿಕಾಳು. ನಾನು ಅವನ ಕಣ್ಣು ತಪ್ಪಿಸಿ ಒಂದನ್ನು ಎತ್ತಿ, ಆ ಅಂಟಿನಲ್ಲಿ ಅದ್ದಿ, ಅಂಗೈ ಮೇಲಿಟ್ಟುಕೊಂಡು ಫೋನಿನ ಮುಂದೆ ಹಿಡಿದೆ.

"ನೋಡಿ ಅಮ್ಮ, ನಿಮ್ಮ ಪೂಜೆಯ ಫಲ," ಎಂದೆ.

ನಾಗರಾಜ ನಿಮ್ಮ ಮೇಲೆ ಹರಿಹಾಯ್ದ. ನೀವು, "ನಾನು ಮೇಲ್ಗಡೆ ಹಾಕಿದ್ದು ಕಣೋ," ಎಂದು ಒಮ್ಮೆ ಹೇಳಿದಿರಿ. ನಾನು ತೂತು ಬಿಡಿಸಿ, ಎಲ್ಲ ತೊಳೆದು ಜೋಡಿಸಿದೆ. ಆಕ್ಸಿಲರೇಟರ್ ಬಿಟ್ಟರೂ ಗಾಡಿ ಗುಡುಗುಡು ಎನ್ನುತ್ತಲೇ ಇತ್ತು. ನಿಮ್ಮ ಮಗ ನನಗೆ ಕೈಮುಗಿದ. ನಾನು ಕೈಮುಗಿಸಿಕೊಂಡೆ.

ಇದಿಷ್ಟೇ ಆಗಿದ್ದರೆ ಮರೆತುಬಿಡುತ್ತಿದ್ದೆನೇನೋ, ನನ್ನಂಥವರಿಗೆ ಮರೆವು ಸಲೀಸು. ಆದರೆ ಹೋದ ವರ್ಷ ರಜೆಯಲ್ಲಿ, ಆಯುಧಪೂಜೆಯ ದಿನವೇ, ಮೈಸೂರಿನ ನಿಮ್ಮ ಮನೆಗೆ ಬಂದೆ. ನೀವು ಈಳಿಗೆಮಣೆಗೆ, ಹೊಲಿಗೆ ಯಂತ್ರಕ್ಕೆ, ಮಿಕ್ಸಿಗೆ ಪೂಜೆ ಮಾಡಿದಿರಿ. ಅಂಗಳದ ಸ್ಕೂಟರಿನ ಬಳಿ ಬಂದಾಗ ತಟ್ಟೆಯನ್ನು ಮಗಳ ಕೈಗೆ ಕೊಟ್ಟು ದೂರ ನಿಂತಿರಿ. ಅವಳು ನೀನೇ ಮಾಡಮ್ಮ ಎಂದರೂ ಕೇಳಲಿಲ್ಲ. ನನ್ನ ಕಡೆ ತಿರುಗಿದಿರಿ.

"ನನ್ನ ಕೈಯಿಂದ ಗಾಡಿ ಕೆಡತ್ತೆ, ಅಲ್ವೇನಪ್ಪಾ? ನೀವೇ ಕಣ್ಣಾರೆ ನೋಡಿದ್ರಲ್ಲ. ರಸ್ತೆ ಮಧ್ಯೆ ನಿಂತುಹೋಗಿದ್ರೆ ನಾಗರಾಜನ ಗತಿ ಏನಾಗ್ತಿತ್ತು!"

ನಿಜ ನಾಲಿಗೆ ತುದಿಯಲ್ಲಿತ್ತು, ಅಮ್ಮ. ಒಂದು ವಾಕ್ಯ. ನಾನು, "ಹುಷಾರಾಗಿರೋದು ಒಳ್ಳೇದು ಬಿಡಿ," ಎಂದೆ. ನಂತರ ನೀವು ಬಡಿಸಿದ ಹೋಳಿಗೆಯನ್ನು ತುಪ್ಪ ಹಾಕಿಸಿಕೊಂಡು ತಿಂದೆ. ಮೂಢನಂಬಿಕೆ ಎಂದು ಜನ್ಮವಿಡೀ ಮೂಗು ಮುರಿದವನು ನಿಮ್ಮ ಎದೆಯಲ್ಲಿ ಒಂದನ್ನು ನನ್ನ ಕೈಯಾರೆ ನೆಟ್ಟು ಬಂದೆ. ನಿಂಬೆಹಣ್ಣಿಗೆ ಚಪ್ಪಾಳೆ ತಟ್ಟುವವರು ಯಾರನ್ನೂ ಇಷ್ಟು ಹೆದರಿಸಿದ್ದನ್ನು ನಾನು ಕಂಡಿಲ್ಲ.

ನಿನ್ನೆ ನಾಗರಾಜನಿಗೆ ಎಲ್ಲ ಹೇಳಿದೆ. ಅವನು ಬೈಯಲಿಲ್ಲ. ಜಾಕೆಟ್ ಹಾಕಿಕೊಂಡು ಬಾಗಿಲ ತನಕ ಹೋಗಿ, "ಅಮ್ಮಂಗೆ ನೀವೇ ಹೇಳಿ ಸಾರ್, ನಾನ್ ಹೇಳಲ್ಲ," ಎಂದ. ಅದಕ್ಕೇ ಇದನ್ನು ಬರೆದಿಟ್ಟುಕೊಂಡಿದ್ದೇನೆ. ಭಾನುವಾರ ಫೋನ್ ಮಾಡಿ ಓದುತ್ತೇನೆ, ಮಧ್ಯದಲ್ಲಿ ನುಣುಚಿಕೊಳ್ಳದಂತೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಿಬಿಡುತ್ತೀರಿ, ನನಗದು ಗೊತ್ತು.

ಗಾಡಿ ಕೆಟ್ಟದ್ದು ನನ್ನ ಕೈಯಿಂದ. ಈ ಸಲ ಸ್ಕೂಟರಿಗೆ ನೀವೇ ಪೂಜೆ ಮಾಡಿ, ಅಮ್ಮ. ಅಕ್ಷತೆ ಕೈತುಂಬ ಹಾಕಿ.