ಊಟದ ಲಾರಿಯ ಮೇಸ್ತ್ರಿ

ತಾಂಡ್ಯದ ಕಾರ್ಖಾನೆಯ ಗೇಟಿಗೆ ಒಂದು ಕೂಗಿನಷ್ಟು ದೂರದಲ್ಲಿ, ಊಟ ಹುಡುಕಿಕೊಂಡು ನಡೆದುಬಂದ ಕೆಲಸಗಾರರ ಕಣ್ಣೆದುರೇ, ಮೇಸ್ತ್ರಿ ಚಲುವಯ್ಯನ ಎಡಮೀಸೆ ಸುಟ್ಟುಹೋಯಿತು. ನಿಂತುಹೋದ ಊಟದ ಲಾರಿಯ ಕಾರ್ಬುರೇಟರಿನೊಳಗೆ ಆತ ಇಣುಕುತ್ತಿದ್ದಾಗ, ಒಡತಿ ಮಹದೇವಮ್ಮ ಸ್ಟಾರ್ಟರ್ ಒತ್ತಿಬಿಟ್ಟಿದ್ದಳು.

"ಮೀಸೆ ಬೆಂದದ್ದಾಯ್ತು. ಅನ್ನ ಆರೋಯ್ತದೆ, ಬುಡಣ್ಣ" ಎಂದ ಕೆಲಸಗಾರರ ಪೈಕಿಯ ಸಿದ್ದು.

ನಂಜನಗೂಡಿನಲ್ಲಿ ಕಾರ್ಬುರೇಟರ್ ಎಂದರೆ ಚಲುವಯ್ಯನೇ. ಆದರೆ ಈಗ ಗ್ಯಾರೇಜಿನವರು ಲ್ಯಾಪ್‌ಟಾಪ್ ಚುಚ್ಚಿ ರೋಗ ಹೇಳುತ್ತಾರೆ. ಆತನ ಪಾಲಿಗೆ ಉಳಿದದ್ದು ಪಂಕ್ಚರ್. ಮಹದೇವಮ್ಮನ ಹಳೇ ಪೆಟ್ರೋಲ್ ಲಾರಿ ಬಂದಾಗ ಆತ ಒಗೆದ ಅಂಗಿ ತೊಟ್ಟು ಕೆಲಸಕ್ಕಿಳಿದಿದ್ದ.

ರೋಗ ಒಂದೇ: ಏಳೆಂಟು ಕಿಲೋಮೀಟರ್ ಓಡಿ, ಕೆಮ್ಮಿ ನಿಲ್ಲುವುದು, ಕಾಲು ಗಂಟೆ ಬಿಟ್ಟರೆ ಮತ್ತೆ ಹೊರಡುವುದು. ಚಲುವಯ್ಯ ಕಾರ್ಬುರೇಟರ್ ಬಿಚ್ಚಿ ಜೆಟ್ ಊದಿದ, ಫ್ಲೋಟಿನ ಸೂಜಿ ಬದಲಿಸಿದ, ಪಂಪಿಗೆ ಒದ್ದೆ ಬಟ್ಟೆ ಸುತ್ತಿದ. ಟ್ಯಾಂಕಿನ ಮುಚ್ಚಳಕ್ಕೆ ಶುಕ್ರವಾರ ಶುಕ್ರವಾರ ಮಹದೇವಮ್ಮ ಹಚ್ಚುತ್ತಿದ್ದ ಗಂಧದ ಮೇಲೆ ತಾನೂ ಒಂದು ಪದರ ಮೆತ್ತಿ, ಕೈಮುಗಿದು ಕಳಿಸಿದ.

ಮೀಸೆ ಸುಟ್ಟ ವಾರವೇ ಕಾರ್ಖಾನೆಯವರು ಊಟವನ್ನು ಬೇರೆಯವರಿಗೆ ವಹಿಸಿದರು. "ಇಂಜಿನ್ ಮುಗೀತು ಕಣವ್ವ, ಮಾರ್ಬುಡು" ಎಂದ ಚಲುವಯ್ಯ. ಅವಳು ಕಳಲೆಯ ಗಂಗಾಧರಸ್ವಾಮಿಗೆ ಮಾರಿದಳು.

ಎರಡು ತಿಂಗಳ ಮೇಲೆ ಅದೇ ಲಾರಿ ಪಂಕ್ಚರಿಗೆ ಬಂತು.

"ನಿಲ್ಲಲ್ವಾ ಸ್ವಾಮಿ ಇದು?"

"ಎಲ್ಲಿ ನಿಲ್ತದೆ? ಮುಚ್ಚಳ ತೊಳ್ದೆ, ಸರಿಹೋಯ್ತು."

ಪೆಟ್ರೋಲ್ ಇಳಿದಷ್ಟೂ ಗಾಳಿ ಒಳಕ್ಕೆ ಬರಲೆಂದು ಆ ಮುಚ್ಚಳದಲ್ಲಿ ಸಾಸಿವೆಯಷ್ಟು ತೂತಿತ್ತು. ಅಲ್ಲಿ ಗಂಧವಿತ್ತು, ಗಾಳಿ ಇರಲಿಲ್ಲ.

ಚಲುವಯ್ಯ ಮರುದಿನವೇ ನರಸೀಪುರದ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಮಾತು ಜೋಡಿಸಿದ. ಹೇಗೆ ಜೋಡಿಸಿದರೂ ಕೊನೆಯಲ್ಲಿ ಅವಳ ಒಲೆ ಆರಿಸಿದವನು ತಾನೇ ಆಗುತ್ತಿದ್ದ. ಮಹದೇವಮ್ಮ ಈಗ ಅಲ್ಲಿ ಯಾರದೋ ಮೆಸ್ಸಿನಲ್ಲಿ ತರಕಾರಿ ಹೆಚ್ಚುತ್ತಿದ್ದಳು. ಆತ ಎಲ್ಲ ಹೇಳಿ ಮುಗಿಸುವವರೆಗೂ ಅವಳು ಬದನೆಕಾಯಿಯಿಂದ ತಲೆ ಎತ್ತಲಿಲ್ಲ.

"ಆ ತೂತಿನ ಇಚಾರ ನಿಂಗೆ ಗೊತ್ತಿರ್ನಿಲ್ವಾ, ಚಲುವಣ್ಣ?"

ಇಲ್ಲವೆಂದಿದ್ದರೆ ಅವಳು ಅಲ್ಲಿಗೇ ಬಿಡುತ್ತಿದ್ದಳೇನೋ.

"ಗೊತ್ತಿತ್ತು ಕಣವ್ವ" ಎಂದ ಚಲುವಯ್ಯ. "ಮೊದ್ಲು ನೋಡ್ಬೇಕಾದ್ದೇ ಅದು. ಕಾರ್ಬುರೇಟರ್ ಮುಟ್ಟಿ ಆರು ವರ್ಸ ಆಗಿತ್ತು. ಬಿಚ್ಚೋ ಆಸೆ ಆಯ್ತು."