ಜಿಪ್ಪಜ್ಜಿಯ ಬಾಗಿಲು

ಜಿಪ್ಪಜ್ಜಿಯ ಮಗಳಿಗೆ ತಾಯಿಯ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ತಾಯಿ ತೀರಿಕೊಂಡು ತಿಂಗಳುಗಳೇ ಆದವು. ಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎಂದು ಗಂಡ ಬುದ್ಧಿ ಹೇಳಿಯೂ ಆಯಿತು. ಬದುಕಿದ್ದಾಗ ಜಗಳಕ್ಕೇ ಸಿಗದವಳ ಮೇಲೆ ಈಗಲ್ಲದೆ ಇನ್ಯಾವಾಗ ಸಿಟ್ಟು ಮಾಡಿಕೊಳ್ಳಲಿ ಎಂಬುದು ಮಗಳ ವಾದ.

ಜಿಪ್ಪಜ್ಜಿ ಎಂಬ ಹೆಸರು ಬೀದಿಯವರು ಇಟ್ಟಿದ್ದು. ಆಸ್ಪತ್ರೆಯ ಹೊಲಿಗೆ ಕೋಣೆಯಲ್ಲಿ ಹಾಸಿಗೆ ಬಟ್ಟೆ, ದಿಂಬಿನ ಚೀಲ ಹೊಲಿದು ಹೊಲಿದು ನಿವೃತ್ತಳಾದ ಮೇಲೆ, ಚಪ್ಪಲಿ ರಿಪೇರಿಯವನ ಅಂಗಡಿಯ ಮೇಲಿದ್ದ ಒಂಟಿ ಕೋಣೆಯಲ್ಲಿ ಕೂತು ಅವಳು ಜಿಪ್ ರಿಪೇರಿ ಶುರು ಮಾಡಿದಳು. ಕೆಟ್ಟ ಜಿಪ್ಪನ್ನು ಕಿತ್ತೆಸೆದು ಹೊಸದು ಹಾಕಿ ಕೈತೊಳೆದುಕೊಳ್ಳುವ ಟೈಲರ್‌ಗಳನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಹಿಡಿದು ಎಳೆಯುವ ರನ್ನರ್ ಸಡಿಲವಾಗಿದ್ದರೆ ಅದನ್ನು ಇಕ್ಕಳದಿಂದ ಎರಡೂ ಕಡೆ ಒಂಚೂರು ಅಮುಕಿ, ಹಲ್ಲುಗಳಿಗೆ ಮೇಣದ ಬತ್ತಿ ಉಜ್ಜಿ, ನಾಲ್ಕು ಸಲ ಮೇಲೆ ಕೆಳಗೆ ಎಳೆದರೆ ಅವಳ ಕೆಲಸ ಮುಗಿಯಿತು. ಪ್ಯಾಂಟಿನ ಜಿಪ್ ಕೈಕೊಟ್ಟು, ಅಂಗಿ ಇಳಿಬಿಟ್ಟುಕೊಂಡು ಓಡಿಬರುವ ಗಂಡಸರಿಗೆ, ಇದಕ್ಕೆಲ್ಲ ನಾಚಿಕೊಳ್ಳಬೇಡ, ಹೊಟ್ಟೆ ಕಮ್ಮಿ ಮಾಡಿಕೋ ಎಂದು ಹೇಳಿ ಕಳಿಸುತ್ತಿದ್ದಳು.

ದೇವರ ಜೊತೆ ಅವಳದು ನೇರ ವ್ಯವಹಾರ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಒಳಗಿನಿಂದ ಚಿಲಕ ಹಾಕಿಕೊಂಡು ಪ್ರಾರ್ಥನೆಗೆ ಕೂರುವಳು. ಕೂರುವ ಮುಂಚೆ ಬಾಗಿಲಿನ ಹೊರಗಿನ ಹಿಡಿಕೆಗೆ ಒಂದು ನೀಲಿ ಟವೆಲ್ ನೇತುಹಾಕುವಳು. ಟವೆಲ್ ಇದೆ ಎಂದರೆ ಬಾಗಿಲು ತಟ್ಟುವಂತಿಲ್ಲ, ಕೂಗುವಂತಿಲ್ಲ. ಒಮ್ಮೆ ಮನೆ ಮಾಲೀಕ ತಿಳಿಯದೆ ದಬದಬ ಬಡಿದಿದ್ದ. ಪ್ರಾರ್ಥನೆ ಮುಗಿಯುವ ತನಕ ಅವನನ್ನು ಹೊರಗೇ ನಿಲ್ಲಿಸಿ, ಆಮೇಲೆ ಬಾಗಿಲು ತೆರೆದು, "ನೀವು ಯಾರ ಹತ್ರನೋ ಮಾತಾಡ್ತಿರುವಾಗ ನಾನು ಮಧ್ಯೆ ಬಾಯಿ ಹಾಕ್ತೀನಾ?" ಎಂದು ಕೇಳಿದ್ದಳು. ಅಂದಿನಿಂದ ಇಡೀ ಬೀದಿಯೇ ಆ ಟವೆಲ್ಲಿಗೆ ಮರ್ಯಾದೆ ಕೊಡುತ್ತಿತ್ತು.

ಮಗಳ ತಕರಾರು ಟವೆಲ್ಲಿನ ಬಗ್ಗೆ ಅಲ್ಲ. ಮಗಳು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವವಳು. ಕಂಡ ಕಂಡವರೆಲ್ಲ ದಿನವಿಡೀ ಅವಳನ್ನು ಏನಾದರೊಂದು ಕೇಳುತ್ತಾರೆ. ಕಿಟಕಿ ಸೀಟು ಕೇಳುತ್ತಾರೆ, ಚಿಲ್ಲರೆ ಕೇಳುತ್ತಾರೆ, ಶೌಚಾಲಯ ಎಲ್ಲಿದೆ ಎಂದೂ ಕೇಳುತ್ತಾರೆ. ಏನೂ ಕೇಳದವಳು ಎಂದರೆ ಹೆತ್ತ ತಾಯಿ ಒಬ್ಬಳೇ. ಚಿಕ್ಕ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು, ಅಣ್ಣತಮ್ಮಂದಿರ ಮುಂದೆ ಕೈಚಾಚದೆ ಮಗಳನ್ನು ಸಾಕಿದವಳಿಗೆ ಕೇಳದೆ ಇರುವುದೇ ಒಂದು ಚಟವಾಗಿ ಹೋಗಿತ್ತು. ಫ್ಯಾನ್ ಬೇಕಾ ಎಂದರೆ ಬೇಡ, ಮಾತ್ರೆ ತಂದುಕೊಡಲಾ ಎಂದರೆ ಬೇಡ. ಕಣ್ಣಿನ ಆಪರೇಷನ್ ಮಾಡಿಸಿಕೊಂಡಿದ್ದು ಮಗಳಿಗೆ ಗೊತ್ತಾಗಿದ್ದೇ ಕಪ್ಪು ಕನ್ನಡಕ ನೋಡಿದ ಮೇಲೆ. ಹೇಳಬಾರದಿತ್ತಾ ಎಂದು ಕೂಗಾಡಿದರೆ, ಹೇಳಬೇಕಾದವನಿಗೆ ಹೇಳಿದ್ದೆ ಎಂದು ಮೇಲೆ ಕೈ ತೋರಿಸಿದಳು. ಮಗಳಿಗೆ ಮೈ ಪರಚಿಕೊಳ್ಳುವಂತಾಯಿತು. ದೇವರ ಜೊತೆ ಪೈಪೋಟಿಗೆ ಬಿದ್ದು ಗೆದ್ದವರು ಯಾರಿದ್ದಾರೆ?

ತಾಯಿಯ ಕಾಲು ನಡುಗುವುದು, ಮೆಟ್ಟಿಲಿನಲ್ಲಿ ತಡವರಿಸುವುದು ಕಣ್ಣಿಗೆ ಬಿದ್ದ ಮೇಲೆ ಮಗಳು ತನ್ನ ಮನೆಯಲ್ಲಿ ಒಂದು ಕೋಣೆ ಖಾಲಿ ಮಾಡಿಸಿದಳು. ಬಾ ಎಂದು ಕರೆದಳು, ಬೇಡಿಕೊಂಡಳು, ಹೆದರಿಸಿದಳು. ಅಜ್ಜಿ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಕೊನೆಗೆ ಒಂದು ದಿನ, ಇವತ್ತು ಎತ್ತಿಕೊಂಡಾದರೂ ಬರುವುದೇ ಸೈ ಎಂದು ರಜೆ ಹಾಕಿ ಹೊರಟಳು.

ಮೆಟ್ಟಿಲು ಹತ್ತಿ ನೋಡಿದರೆ ಹಿಡಿಕೆಯಲ್ಲಿ ಟವೆಲ್. ಮಗಳು ಮೇಲಿನ ಮೆಟ್ಟಿಲಿನ ಮೇಲೆ ಕೂತಳು. ಶಾಲೆಯ ಬ್ಯಾಗು ಹಿಡಿದ ಹೆಂಗಸೊಬ್ಬಳು ಬಂದು ಟವೆಲ್ ನೋಡಿ ಸದ್ದಿಲ್ಲದೆ ಇಳಿದು ಹೋದಳು. ಆಮೇಲೆ ಬಂದ ಕೊರಿಯರ್‌ನವನೂ ಹಾಗೆಯೇ ವಾಪಸ್ಸಾದ. ಹೊತ್ತು ಏರಿತು, ಮಗಳ ತಲೆಯೂ ಬಿಸಿಯಾಯಿತು. ತಾನು ಬರುತ್ತೇನೆಂದು ಗೊತ್ತಿದ್ದೇ ಇವತ್ತು ಪ್ರಾರ್ಥನೆ ಉದ್ದವಾಗಿದೆ ಎಂದು ಅವಳಿಗೆ ಖಾತ್ರಿಯಾಯಿತು. ಎದ್ದು ನಿಂತು, ಮುಚ್ಚಿದ ಬಾಗಿಲಿಗೆ, "ಆಯ್ತಮ್ಮ, ಆ ದೇವರೇ ನಿನ್ನ ನೋಡ್ಕೊಳ್ಳಲಿ" ಎಂದು ಹೇಳಿ ದಡದಡ ಇಳಿದು ಹೋದಳು.

ಅಂಗಡಿ ಮುಚ್ಚುವ ಹೊತ್ತಿಗೆ ಚಪ್ಪಲಿ ರಿಪೇರಿಯವನು ಮಗಳಿಗೆ ಫೋನ್ ಮಾಡಿದ. ಟವೆಲ್ ಬೆಳಿಗ್ಗೆಯಿಂದ ತೆಗೆದೇ ಇಲ್ಲ ಎಂದ. ಅವಳು ಬಂದು ಮುಟ್ಟುವಷ್ಟರಲ್ಲಿ ಅವನು ಚಿಲಕ ಮುರಿದಿದ್ದ. ಅಜ್ಜಿ ಬಾಗಿಲಿಗೆ ಅಡ್ಡಲಾಗಿ ನೆಲದ ಮೇಲೆ ಬಿದ್ದಿದ್ದಳು. ಸೊಂಟ ಮುರಿದಿತ್ತು, ಪ್ರಜ್ಞೆ ಇತ್ತು. ತನ್ನದೇ ಹಳೆಯ ಆಸ್ಪತ್ರೆಗೆ ಅವಳು ಮಲಗಿಕೊಂಡು ಹೋದಳು.

ಆಪರೇಷನ್ ಆದ ಮಾರನೆಯ ದಿನ ಮಗಳು ತಡೆಯಲಾರದೆ ಕೇಳಿದಳು.

"ನಾನು ಬಂದಿದ್ದು ನಿಂಗೆ ಗೊತ್ತಾಗಿತ್ತಾ?"

"ಹೂಂ. ಮೆಟ್ಟಿಲ ಮೇಲೆ ಕೂತು ಬುಸುಗುಡ್ತಾ ಇದ್ದೆ."

"ಮತ್ತೆ ಯಾಕಮ್ಮ ಕೂಗಲಿಲ್ಲ?"

"ಕೂಗಿದ್ರೆ ನೀನು ನನ್ನ ನಿನ್ನ ಮನೆಗೆ ಕರ್ಕೊಂಡು ಹೋಗ್ಬಿಡ್ತಿದ್ದೆ."

ಮಗಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಕೋಪ ಬಂತು. ಒಂದು ಹಲಗೆಯ ಬಾಗಿಲಿನ ಈಚೆ ತಾನು ಕೂತಿದ್ದಾಗ, ಆಚೆ ಹೆತ್ತವಳು ಮುರಿದ ಸೊಂಟ ಹಿಡಿದುಕೊಂಡು ತುಟಿ ಪಿಟಕ್ಕೆನ್ನದೆ ಬಿದ್ದಿದ್ದಳು. ಸತ್ತೇ ಹೋಗಿದ್ದರೆ ತಾನು ಯಾರಿಗೆ ಮುಖ ತೋರಿಸಬೇಕಿತ್ತು ಎಂದು ವಾರ್ಡಿನವರೆಲ್ಲ ತಿರುಗಿ ನೋಡುವಂತೆ ಕೂಗಾಡಿದಳು. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಮಗಳ ಕೈ ಹಿಡಿದುಕೊಂಡಳು.

"ನಿನ್ನ ಹತ್ರ ಒಂದು ಕೇಳ್ತೀನಿ. ಇಲ್ಲ ಅನ್ಬೇಡ."

ಬುದ್ಧಿ ತಿಳಿದಾಗಿನಿಂದ ಮಗಳು ಕಾದಿದ್ದ ಮಾತು ಅದು. ಏನು ಕೇಳಿದರೂ ಕೊಡುತ್ತೇನೆಂದು ತಲೆಯಾಡಿಸಿದಳು.

"ನನ್ನ ಆ ಕೋಣೆಗೇ ವಾಪಸ್ ಬಿಡು. ಒಬ್ಬಳೇ ಇರ್ತೀನಿ."

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಆದರೆ ತಲೆಯಾಡಿಸಿ ಆಗಿತ್ತು. ಒಳಗಿನಿಂದ ಚಿಲಕ ಹಾಕಬಾರದು ಎಂಬ ಒಂದು ಷರತ್ತು ಹಾಕಲು ಮಾತ್ರ ಮಗಳಿಂದ ಸಾಧ್ಯವಾಯಿತು. ಅಜ್ಜಿ ಅದಕ್ಕೆ ಒಪ್ಪಿದಳು, ಒಪ್ಪಿದ್ದನ್ನು ನಡೆಸಿಕೊಟ್ಟಳು.

ವಾಕರ್ ಹಿಡಿದು ಓಡಾಡುತ್ತ, ಜಿಪ್ ಸರಿಮಾಡುತ್ತ ಇನ್ನೂ ಒಂದು ವರ್ಷಕ್ಕೂ ಹೆಚ್ಚು ಕಾಲ ಬದುಕಿದಳು. ಮಗಳು ಕೌಂಟರಿನಲ್ಲಿ ಕೂತು ಫೋನ್ ಸದ್ದಾದಾಗಲೆಲ್ಲ ಬೆಚ್ಚಿಬೀಳುತ್ತಿದ್ದಳು. ಒಂದು ಬೆಳಿಗ್ಗೆ ಪ್ರಾರ್ಥನೆಗೆ ಕೂತ ಅಜ್ಜಿ ಕೂತಲ್ಲೇ ಗೋಡೆಗೆ ಒರಗಿ ತೀರಿಕೊಂಡಳು. ಪಕ್ಕದಲ್ಲಿ ಯಾರೂ ಇರಲಿಲ್ಲ.

ನೋಡಲು ಬಂದವರೆಲ್ಲ ಯಾರಿಗೂ ತೊಂದರೆ ಕೊಡದ ಪುಣ್ಯವಂತೆ ಎಂದು ಅಜ್ಜಿಯನ್ನು ಹೊಗಳಿದರು. ಹೊಗಳಿ ಮುಗಿಸಿದ ಮೇಲೆ ಮಗಳ ಕಡೆ ಒಂದು ಥರ ನೋಡಿದರು. ಬಾಯಿಬಿಟ್ಟು ಕೇಳಿದ್ದು ಚಿಕ್ಕಮ್ಮ ಮಾತ್ರ. ಸೊಂಟ ಮುರಿದ ಮುದುಕಿಯನ್ನು ಒಬ್ಬಳೇ ಬಿಡಲು ನಿನಗೆ ಮನಸ್ಸಾದರೂ ಹೇಗೆ ಬಂತೇ ಎಂದಳು.

"ಬಿಟ್ಟೆ ಚಿಕ್ಕಮ್ಮ," ಎಂದಳು ಮಗಳು. "ಅಮ್ಮ ಇಡೀ ಜನ್ಮದಲ್ಲಿ ನನ್ನ ಹತ್ರ ಕೇಳಿದ್ದು ಅದೊಂದೇ."